ಸಾಲುಮರದ ಬೀದಿಯ ಶಾಲೆ

ಹಂಗೇರಿಯ ಭಾಷೆಯಲ್ಲಿ 'ಫಶೋರ್' ಎಂದರೆ ಇಕ್ಕೆಲಗಳಲ್ಲಿಯೂ ಮರಗಳು ಸಾಲಾಗಿ ನಿಂತ ಬೀದಿ. ನಮ್ಮ 'ಸಾಲುಮರ' ಎಂಬ ಮಾತಿಗೆ ಅದು ಒಡಹುಟ್ಟಿದಂತಿದೆ. ಬುಡಾಪೆಸ್ಟ್ ನಗರದಲ್ಲಿ ದೊಡ್ಡ ಉದ್ಯಾನದ ಕಡೆಗೆ ಸಾಗುವ ಇಂಥದೊಂದು ಬೀದಿಯ ಬದಿಯಲ್ಲಿ, ೧೯೦೪ರಲ್ಲಿ, ಲೂಥರ್ ಮತದ ಸಭೆಯವರು ತಮ್ಮ ಹಳೆಯ ಪ್ರೌಢಶಾಲೆಗೆ ಹೊಸ ಕಟ್ಟಡವೊಂದನ್ನು ಕಟ್ಟಿಸಿದರು. ಅದರ ನಕ್ಷೆಯನ್ನು ಹಾಕಿದವರು ಶಮು ಪೆತ್ಸ್ ಎಂಬ ವಾಸ್ತುಶಿಲ್ಪಿ. ಆ ನಗರದ ಪ್ರಸಿದ್ಧವಾದ ದೊಡ್ಡ ಮಾರುಕಟ್ಟೆಯ ಕಟ್ಟಡವೂ ಅವರದೇ ಕೃತಿ. ಮರುವರ್ಷ ಶಾಲೆಯ ಮಗ್ಗುಲಲ್ಲಿಯೇ ಅವರ ನಕ್ಷೆಯಂತೆ ಇಗರ್ಜಿಯೂ ಎದ್ದಿತು. ಅಂದಿನಿಂದ ಊರ ಜನ ಶಾಲೆಯ ಉದ್ದನೆಯ ಹೆಸರನ್ನು ಬಿಟ್ಟು 'ಫಶೋರಿ', ಎಂದರೆ ಸಾಲುಮರದ ಶಾಲೆ, ಎಂದೇ ಕರೆಯತೊಡಗಿದರು.

ಶಾಲೆ ಮಾತ್ರ ಕಟ್ಟಡಕ್ಕಿಂತ ಬಹಳ ಹಿರಿಯದು. ೧೮೨೩ರಲ್ಲಿ ಪೆಸ್ಟ್ ಊರಿನ ಲೂಥರನ್ ಸಭೆಯ ಆಶ್ರಯದಲ್ಲಿ ಅದು ಹುಟ್ಟಿತು. ಹಂಗೇರಿಯ ರಾಷ್ಟ್ರಕವಿ ಶಾಂಡೋರ್ ಪೆತೋಫಿ ಬಾಲ್ಯದಲ್ಲಿ ಒಂದು ವರ್ಷ ಅದರ ಬೆಂಚಿನ ಮೇಲೆ ಕುಳಿತಿದ್ದನು. ಯೆಹೂದ್ಯರಿಗೆ ತಮ್ಮದೇ ಆದ ನಾಡೊಂದು ಬೇಕೆಂದು ಮುಂದೆ ಚಳವಳಿ ಹೂಡಿದ ಥಿಯೊಡೋರ್ ಹರ್ತ್ಸ್ಲ್ ತನ್ನ ಶಾಲೆಯ ಕಡೆಯ ಪರೀಕ್ಷೆಯನ್ನು ೧೮೭೮ರಲ್ಲಿ ಮುಗಿಸಿದ್ದು ಇಲ್ಲಿಯೇ. ಮಾರ್ಕ್ಸ್‌ವಾದದ ತತ್ತ್ವಜ್ಞನೆಂದು ಹೆಸರಾದ ಜಾರ್ಜ್ ಲೂಕಾಚನೂ ಇಲ್ಲಿಯ ವಿದ್ಯಾರ್ಥಿಯೇ. ಕವಿ, ಚಳವಳಿಗಾರ, ಕಮ್ಯುನಿಸ್ಟ್ ಚಿಂತಕ ಈ ಮೂವರನ್ನೂ ಒಂದೇ ಹಾಜರಿ ಪುಸ್ತಕದ ಪರಂಪರೆಯಲ್ಲಿ ಕಾಣುವುದು ವಿನೋದವಾಗಿದೆ. ಇವರಲ್ಲಿ ಮೂರನೆಯವನ ಮತವನ್ನು ಅನುಸರಿಸಿದವರ ಸರ್ಕಾರವೇ ಮುಂದೆ ಈ ಶಾಲೆಯ ಬಾಗಿಲನ್ನು ಮುಚ್ಚಿಸಿತೆಂಬುದು ಅಷ್ಟು ವಿನೋದವಲ್ಲ. ಆ ಕಥೆ ಆಮೇಲೆ.

ಪ್ರಾಟೆಸ್ಟೆಂಟರ ಶಾಲೆಯೆಂದೊಡನೆ ಕನ್ನಡ ವಾಚಕರ ಕಣ್ಣ ಮುಂದೆ ಮಂಗಳೂರು, ಧಾರವಾಡಗಳ ಮಿಷನ್ ಶಾಲೆಗಳು ಬಂದು ನಿಲ್ಲುವುದು ಸಹಜ. ಫಶೋರಿಯ ಶಾಲೆ ಆ ಬಗೆಯದಲ್ಲ. ಅದು ದೂರದೇಶದಿಂದ ಬಂದ ಪಾದ್ರಿಗಳು ತೆರೆದುದಲ್ಲ; ಕೆಥೋಲಿಕರೇ ಬಹುಸಂಖ್ಯಾತರಾದ ನಾಡಿನಲ್ಲಿ ಅಲ್ಪಸಂಖ್ಯಾತರಾದ ಲೂಥರನ್ನರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡ ಶಾಲೆ. ತಾವೇ ಅಲ್ಪಸಂಖ್ಯಾತರಾದುದರಿಂದಲೋ ಏನೋ, ಅವರು ಅನ್ಯಮತದ ಹುಡುಗರಿಗೆ ಬಾಗಿಲನ್ನು ಧಾರಾಳವಾಗಿ ತೆರೆದಿದ್ದರು. ವ್ಯಾಪಾರಿಗಳು, ವಕೀಲರು, ಬ್ಯಾಂಕಿನ ಅಧಿಕಾರಿಗಳು ಮೊದಲಾದ ಯೆಹೂದ್ಯ ಗೃಹಸ್ಥರು ತಮ್ಮ ಮಕ್ಕಳನ್ನು ಇಲ್ಲಿಗೆ ಕಳುಹಿಸಲು ಹಿಂಜರಿಯುತ್ತಿರಲಿಲ್ಲ. ಮತಬೋಧೆ ಕಡ್ಡಾಯವಾಗಿದ್ದಿತು, ನಿಜ. ಆದರೆ ಆ ಗಂಟೆ ಬಾರಿಸಿದಾಗ ಹುಡುಗರು ತಮ್ಮ ತಮ್ಮ ಮತದ ಗುರುಗಳ ಬಳಿಗೆ ಚದುರುತ್ತಿದ್ದರು. ಯೆಹೂದ್ಯ ಬಾಲಕರಿಗೆ ಪಾಠ ಹೇಳಲು ರಬ್ಬಿಯೊಬ್ಬರು ಲೂಥರನ ಶಾಲೆಗೆ ಬರುತ್ತಿದ್ದರು. ಪಾಠ ಮುಗಿದೊಡನೆ ಎಲ್ಲರೂ ಮತ್ತೆ ಒಂದೇ ಕೊಠಡಿಯಲ್ಲಿ ಲ್ಯಾಟಿನ್ ವ್ಯಾಕರಣದ ಮುಂದೆ ಸಮಾನವಾಗಿ ತಲೆತಗ್ಗಿಸಿ ಕುಳಿತುಕೊಳ್ಳುತ್ತಿದ್ದರು.

ಲ್ಯಾಟಿನ್ ಅಲ್ಲಿ ಬೆನ್ನು ಬಿಡದ ವಿಷಯ. ಹತ್ತನೆಯ ವಯಸ್ಸಿಗೆ ಒಳಗೆ ಬಂದ ಹುಡುಗ ಹದಿನೆಂಟರ ಸುಮಾರಿಗೆ ಹೊರಗೆ ಹೋಗುವವರೆಗೆ, ಎಂಟು ತರಗತಿಗಳಲ್ಲಿಯೂ, ಅದು ಅವನ ಜೊತೆಗೇ ನಡೆದು ಬರುತ್ತಿದ್ದಿತು. ನಮ್ಮ ಹಿರಿಯರು ಅಮರಕೋಶವನ್ನೂ ಶಬ್ದಮಂಜರಿಯನ್ನೂ ಉರುಹೊಡೆದಂತೆಯೇ ಆ ಹುಡುಗರು ವಿಭಕ್ತಿರೂಪಗಳನ್ನು ಉರುಹೊಡೆದರು. ಜರ್ಮನ್ ಭಾಷೆ ಅದರ ಜೊತೆಗೆ. ಗ್ರೀಕ್ ಮಾತ್ರ ೧೮೯೦ರ ಕಾನೂನಿನಿಂದ ಐಚ್ಛಿಕವಾಗಿದ್ದಿತು. ಅದನ್ನು ಬೇಡವೆಂದವರು ಅದಕ್ಕೆ ಬದಲಾಗಿ ಹಂಗೇರಿಯ ಸಾಹಿತ್ಯವನ್ನೂ ಚಿತ್ರರೇಖನವನ್ನೂ ಹೆಚ್ಚಾಗಿ ಕಲಿಯಬೇಕಾಗುತ್ತಿದ್ದಿತು. ಇತಿಹಾಸ, ಗಣಿತ, ಭೌತಶಾಸ್ತ್ರ, ಅಂಗಸಾಧನೆ ಎಲ್ಲವೂ ಉಂಟು. ವರ್ಷದ ಕೊನೆಯಲ್ಲಿ ಪ್ರತಿಯೊಂದು ವಿಷಯಕ್ಕೂ 'ಅತ್ಯುತ್ತಮ', 'ಉತ್ತಮ', 'ಸಾಕು', 'ಸಾಲದು' ಎಂಬ ನಾಲ್ಕು ಮಾತುಗಳಲ್ಲೊಂದು ಮನೆಗೆ ಬರುತ್ತಿದ್ದಿತು. ನೂರಕ್ಕೆ ಇಷ್ಟು ಎಂದು ಬರೆಯುವುದಕ್ಕಿಂತ 'ಸಾಲದು' ಎಂಬ ಒಂದೇ ಮಾತು ತಂದೆಯ ಮುಖವನ್ನು ಎಷ್ಟು ಬೇಗ ಕಪ್ಪಾಗಿಸುತ್ತಿದ್ದೀತೆಂಬುದನ್ನು ಊಹಿಸಿಕೊಳ್ಳಬಹುದು.

ಭೌತಶಾಸ್ತ್ರದ ಪಾಠ ಹೇಳುತ್ತಿದ್ದವರು ಶಾಂಡೋರ್ ಮಿಕೋಲ. ಹಲಗೆಯ ಮೇಲೆ ಸೂತ್ರವನ್ನು ಬರೆದು, ಹುಡುಗರಿಂದ ನಕಲು ಮಾಡಿಸಿ, ಕೈಯ ಸೀಮೆಸುಣ್ಣವನ್ನು ಕೊಡವಿಕೊಂಡು ಹೋಗುವ ಉಪಾಧ್ಯಾಯರಲ್ಲ ಅವರು. ಕಣ್ಣಿಗೆ ಕಂಡುದನ್ನು ಮೊದಲು ಅಳೆಯಬೇಕು, ಅಳೆದುದರಿಂದ ನಿಯಮ ತಾನಾಗಿ ಹೊರಡಬೇಕು ಎಂಬುದು ಅವರ ಪಂಥ. ಅವರ ಹೆಸರನ್ನು ಹಂಗೇರಿಯ ಮಕ್ಕಳು ಇಂದಿಗೂ ಬಲ್ಲರು. ಅದಕ್ಕೆ ಕಾರಣ ಒಂದು ಗಾಜಿನ ಕೊಳವೆ. ಉದ್ದನೆಯ ಕೊಳವೆಯಲ್ಲಿ ದ್ರವವನ್ನು ತುಂಬಿ, ಒಂದೇ ಒಂದು ಗಾಳಿಯ ಗುಳ್ಳೆಯನ್ನು ಉಳಿಸಿ, ಎರಡು ತುದಿಗಳನ್ನೂ ಮುಚ್ಚಬೇಕು. ಕೊಳವೆಯನ್ನು ಓರೆಯಾಗಿ ನಿಲ್ಲಿಸಿದರೆ ಗುಳ್ಳೆ ಮೇಲಕ್ಕೇರುತ್ತದೆ. ತಾಳ ಹಾಕುವ ಯಂತ್ರವೊಂದು ಟಕ್ ಟಕ್ ಎನ್ನುತ್ತಿರುವಾಗ, ಪ್ರತಿ ತಾಳಕ್ಕೂ ಗುಳ್ಳೆ ಎಲ್ಲಿದೆಯೋ ಅಲ್ಲಿ ಹುಡುಗ ಸೀಮೆಸುಣ್ಣದಿಂದ ಗುರುತು ಹಾಕುತ್ತಾನೆ. ಕೊನೆಗೆ ಗುರುತುಗಳ ನಡುವಣ ಅಂತರವನ್ನು ಅಳೆದು ನೋಡಿದರೆ ಎಲ್ಲವೂ ಸಮಸಮ! 'ಸಮವೇಗ' ಎಂಬ ಶಬ್ದವನ್ನು ಹೇಳುವುದಕ್ಕೆ ಮೊದಲೇ ಸಮವೇಗವು ಹುಡುಗನ ಕೈಗೆ ಸಿಕ್ಕಿರುತ್ತದೆ. ಓರೆಯನ್ನು ಹೆಚ್ಚಿಸಿದಂತೆಲ್ಲ ಗುಳ್ಳೆ ಬೇಗ ಬೇಗ ಓಡೀತೆಂದು ಅವನು ನಿರೀಕ್ಷಿಸುತ್ತಾನೆ. ಆದರೆ ಸುಮಾರು ನಲವತ್ತೈದು ಅಂಶಗಳಷ್ಟು ಓರೆಯಾದಾಗ ಅದರ ಓಟ ಅತ್ಯಧಿಕವಾಗಿದ್ದು, ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರೆ ಮತ್ತೆ ನಿಧಾನವಾಗುತ್ತದೆ. ಹುಡುಗನ ನಿರೀಕ್ಷೆ ಸುಳ್ಳಾಗುವ ಆ ಕ್ಷಣಕ್ಕಾಗಿಯೇ ಆ ಕೊಳವೆ ಇರುವುದೆಂದರೆ ತಪ್ಪಲ್ಲ. ಖರ್ಚು ಏನಿದ್ದರೂ ಒಂದು ಗಾಜಿನ ಕೊಳವೆಯಷ್ಟೇ. ಉಪಕರಣಗಳಿಲ್ಲವೆಂದು ಪ್ರಯೋಗವನ್ನೇ ಮಾಡಿಸದ ಶಾಲೆಗಳು ಈ ಕೊಳವೆಯನ್ನು ಒಮ್ಮೆ ನೆನೆಯಬಹುದು.

ಗಣಿತವನ್ನು ಕಲಿಸುತ್ತಿದ್ದವರು ಲಾಸ್ಲೋ ರಾತ್ಸ್. ೧೮೬೩ರಲ್ಲಿ ಶೋಪ್ರೋನ್ ಎಂಬ ಊರಿನಲ್ಲಿ ಹುಟ್ಟಿ, ಅಲ್ಲಿಯ ಲೂಥರನ್ ಶಾಲೆಯಲ್ಲಿಯೇ ಓದಿ, ಬುಡಾಪೆಸ್ಟ್, ಬರ್ಲಿನ್, ಸ್ಟ್ರಾಸ್‌ಬರ್ಗ್‌ಗಳಲ್ಲಿ ಉನ್ನತ ವ್ಯಾಸಂಗ ಮಾಡಿ, ೧೮೯೦ರಲ್ಲಿ ಈ ಶಾಲೆಗೆ ಬಂದವರು ಮೂವತ್ತೈದು ವರ್ಷ ಬೇರೆಡೆಗೆ ಹೋಗಲಿಲ್ಲ. ೧೯೦೯ರಿಂದ ೧೯೧೪ರವರೆಗೆ ಮುಖ್ಯೋಪಾಧ್ಯಾಯರಾಗಿದ್ದು, ಮತ್ತೆ ಬರಿಯ ಉಪಾಧ್ಯಾಯರಾಗಿ ಹಲಗೆಯ ಮುಂದೆ ನಿಂತರು. ತಾನಾಗಿ ಅಧಿಕಾರದ ಕುರ್ಚಿಯಿಂದ ಇಳಿದು ಸೀಮೆಸುಣ್ಣದ ಬಳಿಗೆ ಬಂದವರನ್ನು ಯಾವ ದೇಶದಲ್ಲಿಯೂ ಬೆರಳುಗಳಲ್ಲಿ ಎಣಿಸಬಹುದು. ಬೆಳೆಯುವ, ಬದಲಾಗುವ ಪರಿಮಾಣಗಳ ಕಲ್ಪನೆಯನ್ನು ಬಾಲ್ಯದಲ್ಲಿಯೇ ಹುಡುಗರಿಗೆ ಕೊಡಬೇಕೆಂದು ಆ ಕಾಲದಲ್ಲಿ ಯೂರೋಪಿನಲ್ಲೆಲ್ಲ ಒಂದು ಸುಧಾರಣೆಯ ಗಾಳಿ ಬೀಸುತ್ತಿದ್ದಿತು. ರಾತ್ಸ್ ಅವರೂ ಮಿಕೋಲ ಅವರೂ ಕೂಡಿ ಕಲನಗಣಿತದ ಮೂಲಾಂಶಗಳನ್ನು ಶಾಲೆಯ ಮಟ್ಟದಲ್ಲಿ ಹೇಗೆ ಕಲಿಸಬಹುದೆಂಬುದರ ಬಗ್ಗೆ ೧೯೧೦ರಲ್ಲಿ ಒಂದು ಪುಸ್ತಕವನ್ನು ಬರೆದರು.

ಅವರ ಇನ್ನೊಂದು ಕೆಲಸ ಒಂದು ಪತ್ರಿಕೆ. ಪ್ರೌಢಶಾಲೆಯ ಹುಡುಗರಿಗಾಗಿಯೇ ಒಂದು ಗಣಿತ ಮಾಸಪತ್ರಿಕೆಯನ್ನು ದಾನಿಯೆಲ್ ಅರಾನ್ ಎಂಬ ಉಪಾಧ್ಯಾಯರು ೧೮೯೪ರಲ್ಲಿ ಜ್ಯೋರ್ ಎಂಬ ಊರಿನಿಂದ ಹೊರಡಿಸಿದ್ದರು. ೧೮೯೬ರಲ್ಲಿ ಅದರ ಸಂಪಾದಕತ್ವವನ್ನು ವಹಿಸಿಕೊಂಡ ರಾತ್ಸ್ ಅವರು ಮಹಾಯುದ್ಧ ಬಂದು ಪತ್ರಿಕೆ ನಿಂತುಹೋಗುವವರೆಗೆ, ಹದಿನೆಂಟು ವರ್ಷ, ಅದನ್ನು ನಡೆಸಿದರು. ಪ್ರತಿ ತಿಂಗಳೂ ಲೆಕ್ಕಗಳು ಬರುವುವು. ಊರೂರಿನ ಹುಡುಗರು ಉತ್ತರವನ್ನು ಬಿಡಿಸಿ ಅಂಚೆಯಲ್ಲಿ ಕಳುಹಿಸುವರು. ಸರಿಯಾಗಿ ಬಿಡಿಸಿದವರ ಹೆಸರು ಅಚ್ಚಾಗುವುದು. ಅತ್ಯುತ್ತಮರಾದವರ ಭಾವಚಿತ್ರವೂ ಬರುವುದು. ಹಳ್ಳಿಯ ಮೂಲೆಯಲ್ಲಿ ಒಬ್ಬನೇ ಕುಳಿತು ಲೆಕ್ಕ ಮಾಡುವ ಹುಡುಗನಿಗೆ ಬೇರೊಂದು ಊರಿನಲ್ಲಿ ತನ್ನಂಥವನೊಬ್ಬನಿರುವನೆಂದು ತಿಳಿಯುವುದು ಈ ಅಚ್ಚಿನ ಹೆಸರುಗಳಿಂದಲೇ. ವಾರಪತ್ರಿಕೆಗಳ ಬಾಲವಿಭಾಗದಲ್ಲಿ ತಮ್ಮ ಹೆಸರನ್ನು ಹುಡುಕಿ ಕುಣಿದಾಡಿದವರಿಗೆ ಆ ಸುಖವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಂಥ ಶಾಲೆಗೆ, ಇಂಥ ಉಪಾಧ್ಯಾಯರ ತರಗತಿಗೆ, ಮೊದಲನೆಯ ಮಹಾಯುದ್ಧದ ಹೊಸಿಲಿನಲ್ಲಿ ಯಾನೋಶ್ ಎಂಬ ಹುಡುಗ ಬಂದನು. ಮನೆಯಲ್ಲಿ ಅವನನ್ನು 'ಯಾಂಚಿ' ಎನ್ನುತ್ತಿದ್ದರು. ತಂದೆ ಬ್ಯಾಂಕಿನ ದೊಡ್ಡ ಅಧಿಕಾರಿ, ಅನುಕೂಲಸ್ಥ ಯೆಹೂದ್ಯ ಗೃಹಸ್ಥ. ಈ ಹುಡುಗನೇ ಮುಂದೆ ಅಮೆರಿಕೆಯಲ್ಲಿ ಜಾನ್ ಫಾನ್ ನ್ಯೂಮನ್ ಎಂದು ಹೆಸರಾದವನು. ಇಂದು ಕಚೇರಿಯಲ್ಲಿಯೂ ಕಿಸೆಯಲ್ಲಿಯೂ ಇರುವ ಗಣಕಯಂತ್ರಗಳ ರಚನಾಕ್ರಮಕ್ಕೆ ಅವನ ಹೆಸರೇ ಅಂಟಿಕೊಂಡಿದೆ. ಹುಡುಗನ ತಲೆ ಎಂಥದೆಂಬುದು ರಾತ್ಸ್ ಅವರಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಅವರು ತಂದೆಯನ್ನು ಕಂಡು, ಈ ಬಾಲಕನಿಗೆ ಶಾಲೆಯ ಗಣಿತವನ್ನಷ್ಟೇ ಕಲಿಸುವುದು ಅರ್ಥವಿಲ್ಲದ ಕೆಲಸವೆಂದೂ ಇವನಿಗೆ ವಿಶೇಷ ಶಿಕ್ಷಣ ಬೇಕೆಂದೂ ತಿಳಿಸಿದರು. ತಾವೇ ಬೇರೆಯಾಗಿ ಪಾಠ ಹೇಳಿದರು. ಅದಕ್ಕೆ ಹಣವನ್ನು ಮುಟ್ಟಲಿಲ್ಲ. ಆಮೇಲೆ ತಮ್ಮ ಪಾಠವೂ ಸಾಲದೆಂದು ಕಂಡಾಗ ವಿಶ್ವವಿದ್ಯಾನಿಲಯದ ಗಣಿತಜ್ಞರ ಬಳಿಗೆ ಅವನನ್ನು ಒಯ್ದು ಒಪ್ಪಿಸಿದರು. ಅವರಲ್ಲೊಬ್ಬರು ಗಾಬೋರ್ ಸೆಗೋ. ಆಗಿನ್ನೂ ತರುಣರಾದ ಅವರು ಹುಡುಗನನ್ನು ಮೊದಲ ಸಲ ಪರೀಕ್ಷಿಸಿ ಮನೆಗೆ ಹಿಂದಿರುಗಿದಾಗ ಕಣ್ಣಿನಲ್ಲಿ ನೀರು ತುಂಬಿದ್ದಿತೆಂದು ಅವರ ಪತ್ನಿ ಮುಂದೆ ನೆನೆಯುತ್ತಿದ್ದರು. ಮಿಹಾಯ್ ಫೆಕೆತೆ ಎಂಬ ಇನ್ನೊಬ್ಬ ಗುರುಗಳೊಡನೆ ಕೂಡಿ ಈ ಹುಡುಗ ಹದಿನೆಂಟು ತುಂಬುವ ಮೊದಲೇ ಬರೆದ ಪ್ರಬಂಧ ೧೯೨೨ರಲ್ಲಿ ಜರ್ಮನಿಯ ಗಣಿತ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

'ಇದು ನನ್ನ ಕೈಮೀರಿದ ಹುಡುಗ' ಎಂದು ಒಪ್ಪಿಕೊಳ್ಳುವುದು ಉಪಾಧ್ಯಾಯನಿಗೆ ಸುಲಭವಲ್ಲ. ಒಪ್ಪಿಕೊಂಡ ಮೇಲೆ ಅವನನ್ನು ಬೇರೆಯವರಿಗೆ ಬಿಟ್ಟುಕೊಡುವುದು ಇನ್ನೂ ಕಷ್ಟ. ರಾತ್ಸ್ ಅವರು ಎರಡನ್ನೂ ಸದ್ದಿಲ್ಲದೆ ಮಾಡಿದರು. ಆದರೆ ಮೂರನೆಯದೊಂದು ವಿವೇಕವನ್ನೂ ಅವರೂ ತಂದೆಯೂ ತೋರಿಸಿದರು. ಅದನ್ನು ಈಗಿನ ತಂದೆತಾಯಿಗಳು ಗಮನಿಸಬೇಕು. ಹುಡುಗನನ್ನು ಶಾಲೆಯಿಂದ ಬಿಡಿಸಲಿಲ್ಲ. ನಾಲ್ಕು ತರಗತಿಗಳನ್ನು ಒಂದೇ ಸಲಕ್ಕೆ ಹಾರಿಸಲಿಲ್ಲ. ಸಂಜೆ ವಿಶ್ವವಿದ್ಯಾನಿಲಯದ ಗಣಿತವನ್ನು ಬಿಡಿಸುತ್ತಿದ್ದವನು ಬೆಳಗ್ಗೆ ತನ್ನ ವಯಸ್ಸಿನವರ ಜೊತೆಗೆ ಲ್ಯಾಟಿನ್ ಒಪ್ಪಿಸುತ್ತಿದ್ದನು. ಅಂಗಸಾಧನೆಯಲ್ಲಿ ಅವನಿಗೆ ದೊರೆಯುತ್ತಿದ್ದುದು 'ಸಾಕು' ಎಂಬ ಮಾತು, ಕೈಬರಹವೂ 'ಅತ್ಯುತ್ತಮ'ವಾಗಿರಲಿಲ್ಲ. ಸಹಪಾಠಿಗಳಲ್ಲಿ ಒಬ್ಬನಾಗಬೇಕೆಂದು ಅವನು ಬಹಳ ಪ್ರಯತ್ನಪಡುತ್ತಿದ್ದನು. ಅವರು ಅವನನ್ನು ದ್ವೇಷಿಸಲಿಲ್ಲ. ಆದರೆ ಪೂರ್ತಿಯಾಗಿ ತಮ್ಮವನೆಂದು ಎಣಿಸಿದಂತೆಯೂ ಕಾಣದು.

ಅವನಿಗಿಂತ ಒಂದು ತರಗತಿ ಮುಂದೆ ಯೆನೊ ವಿಗ್ನರ್ ಎಂಬ ಸೌಮ್ಯ ಹುಡುಗನಿದ್ದನು. ತಂದೆ ಚರ್ಮ ಹದಮಾಡುವ ಕಾರ್ಖಾನೆಯ ಮೇಲ್ವಿಚಾರಕರು. ಹನ್ನೊಂದನೆಯ ವಯಸ್ಸಿನಲ್ಲಿ ಅವನಿಗೆ ಕ್ಷಯವೆಂದು ವೈದ್ಯರು ಹೇಳಿದುದರಿಂದ ಆಸ್ಟ್ರಿಯಾದ ಬೆಟ್ಟದ ಆರೋಗ್ಯಧಾಮವೊಂದರಲ್ಲಿ ಆರು ವಾರ ಕಳೆಯಬೇಕಾಯಿತು. ರೋಗನಿರ್ಣಯವೇ ತಪ್ಪೆಂದು ಆಮೇಲೆ ಗೊತ್ತಾಯಿತು. ಆದರೆ ಅಲ್ಲಿ ಒರಗುಕುರ್ಚಿಯ ಮೇಲೆ ಅಲ್ಲಾಡದೆ ಮಲಗಿರಬೇಕಾದಾಗ ಹೊತ್ತು ಕಳೆಯಲು ಹುಡುಗ ಒಂದು ಲೆಕ್ಕವನ್ನು ಹಿಡಿದನು: ತ್ರಿಕೋನದ ಮೂರು ಎತ್ತರಗಳನ್ನು ಕೊಟ್ಟರೆ ತ್ರಿಕೋನವನ್ನು ರಚಿಸುವುದು ಹೇಗೆ? ಗಣಿತದ ಗೀಳು ಅವನಿಗೆ ಹತ್ತಿದುದು ಹೀಗೆ. ವೈದ್ಯರ ತಪ್ಪಿನಿಂದ ವಿಜ್ಞಾನಕ್ಕೆ ಲಾಭವಾದ ಸಂದರ್ಭಗಳಲ್ಲಿ ಇದೂ ಒಂದು.

ಶಾಲೆ ಬಿಟ್ಟ ಮೇಲೆ ಈ ಇಬ್ಬರು ಹುಡುಗರು ಎಷ್ಟೋ ಸಲ ಜೊತೆಯಾಗಿ ಮನೆಯ ಕಡೆಗೆ ನಡೆಯುತ್ತಿದ್ದರು. ದಾರಿಯುದ್ದಕ್ಕೂ ಮಾತನಾಡುತ್ತಿದ್ದವನು ಕಿರಿಯನಾದ ಯಾಂಚಿ. ಅನಂತವಾದ ಗಣಗಳು, ಸಂಖ್ಯೆಗಳ ಗುಣಗಳು ಎಂದು ಆ ಬಾಯಿಂದ ಹೊರಡುತ್ತಿದ್ದ ವಿಷಯಗಳು ಶಾಲೆಯ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಹಿರಿಯನು ಕೇಳುತ್ತ ನಡೆಯುತ್ತಿದ್ದನು. ತನ್ನ ತರಗತಿಯಲ್ಲಿ ಮುಂದಿನ ಸಾಲಿನವನೇ ಆದ ಹುಡುಗನಿಗೆ, ತನಗಿಂತ ಚಿಕ್ಕವನೊಬ್ಬನು ತಾನು ಎಂದೂ ಮುಟ್ಟಲಾರದ ಎತ್ತರದಲ್ಲಿ ನಡೆಯುತ್ತಿರುವನೆಂದು ಪ್ರತಿದಿನವೂ ಮನೆಯ ದಾರಿಯಲ್ಲಿ ಗೊತ್ತಾಗುತ್ತಿದ್ದರೆ ಅವನ ಮನಸ್ಸು ಏನಾಗಬೇಕು? ಬುದ್ಧಿವಂತ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಅಣ್ಣನಿಗೆ ತಮ್ಮನನ್ನೂ ಮಗನಿಗೆ ಪಕ್ಕದ ಮನೆಯ ಹುಡುಗನನ್ನೂ ತೋರಿಸಿ ಹೋಲಿಸುವ ಹಿರಿಯರು ಎಷ್ಟು ಚಿಗುರುಗಳನ್ನು ಚಿವುಟಿರುವರೋ ಲೆಕ್ಕವಿಟ್ಟವರಿಲ್ಲ.

ರಾತ್ಸ್ ಅವರು ಬೇರೆ ಪಾಠ ಹೇಳುತ್ತಿದ್ದುದು ನ್ಯೂಮನ್ನನಿಗೆ ಮಾತ್ರ. ವಿಗ್ನರನಿಗೆ ಅದು ದೊರೆಯಲಿಲ್ಲ. ಆದರೆ ಅವರು ಅವನಿಗೆ ಒಂದಾದ ಮೇಲೊಂದರಂತೆ ಪುಸ್ತಕಗಳನ್ನು ಕೊಟ್ಟರು. ಅವನು ಓದಿದನು, ಹಿಂದಿರುಗಿಸಿದನು, ಇನ್ನೊಂದನ್ನು ಪಡೆದನು. ಒಬ್ಬನಿಗೆ ಸಮಯ, ಇನ್ನೊಬ್ಬನಿಗೆ ಪುಸ್ತಕ: ಇದು ಪಕ್ಷಪಾತವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಮಾತೇ. ತರಗತಿಯಲ್ಲಿ ಉಳಿದ ಹುಡುಗರೂ ಇದ್ದರು. ಅವರಲ್ಲಿ ಹೆಚ್ಚಿನವರ ಹೆಸರು ಇಂದು ಯಾರಿಗೂ ತಿಳಿಯದು. ಅವರೂ ಶುಲ್ಕ ಕೊಟ್ಟೇ ಕಲಿಯುತ್ತಿದ್ದವರು. ಇದಕ್ಕೆ ಉತ್ತರ ಹೇಳಬಲ್ಲವನು ವಿಗ್ನರನೊಬ್ಬನೇ. ಅವರು ಮುದುಕರಾದ ಮೇಲೂ ಆ ಗುರುವನ್ನು ನೆನೆಯುವಾಗ ಅವರ ಮಾತಿನಲ್ಲಿ ಕೊರಗಿನ ಎಳೆಯೂ ಇರಲಿಲ್ಲ. ವಿಷಯದ ಸೊಗಸನ್ನು ರಾತ್ಸ್ ಅವರಂತೆ ಎಬ್ಬಿಸಿ ತೋರಿಸಬಲ್ಲವರು ಬೇರೊಬ್ಬರಿರಲಿಲ್ಲವೆಂದೇ ಅವರು ಹೇಳುತ್ತಿದ್ದರು. ಹಂಗೇರಿಯಲ್ಲಿ ಒಂದೇ ತಲೆಮಾರಿನಲ್ಲಿ ಇಷ್ಟು ಮಂದಿ ಪ್ರತಿಭಾಶಾಲಿಗಳು ಹೇಗೆ ಹುಟ್ಟಿದರೆಂದು ಯಾರೋ ಕೇಳಿದಾಗ, ಪ್ರಶ್ನೆಯೇ ತಮಗೆ ಅರ್ಥವಾಗಲಿಲ್ಲವೆಂದೂ ಪ್ರತಿಭಾಶಾಲಿ ಒಬ್ಬನೇ, ಅವನು ನ್ಯೂಮನ್ ಎಂದೂ ಅವರು ಉತ್ತರ ಕೊಟ್ಟರಂತೆ. ಆ ಹೊತ್ತಿಗೆ ಉತ್ತರ ಕೊಟ್ಟವರೇ ಜಗತ್ತಿನ ದೊಡ್ಡ ಭೌತವಿಜ್ಞಾನಿಗಳಲ್ಲಿ ಒಬ್ಬರಾಗಿದ್ದರು.

ಮರಗಳ ಸಾಲಿನ ಕೆಳಗೆ ನಡೆದ ಈ ವಿದ್ಯಾಭ್ಯಾಸದ ಹೊರಗೆ ದೇಶ ಕುಸಿಯುತ್ತಿದ್ದಿತು. ೧೯೧೮ರಲ್ಲಿ ಯುದ್ಧ ಸೋತಿತು, ಅರಸೊತ್ತಿಗೆ ಹೋಯಿತು. ೧೯೧೯ರ ಮಾರ್ಚಿಯಲ್ಲಿ ಬೇಲ ಕುನ್ ನಾಯಕತ್ವದ ಕಮ್ಯುನಿಸ್ಟ್ ಸರ್ಕಾರ ಬಂದು ನೂರಮೂವತ್ತಮೂರು ದಿನ ಆಳಿತು. ಕಾರ್ಖಾನೆಯ ಅಧಿಕಾರಿಯ ಸಂಸಾರವೂ ಬ್ಯಾಂಕಿನ ಅಧಿಕಾರಿಯ ಸಂಸಾರವೂ ಆಸ್ಟ್ರಿಯಕ್ಕೆ ಹೊರಟುಹೋದವು. ಆ ಆಳ್ವಿಕೆ ಬಿದ್ದ ಮೇಲೆ ಹಿಂದಿರುಗಿದವು. ವಿಗ್ನರ್ ಮನೆಯವರು ಆ ವರ್ಷವೇ ಲೂಥರನ್ ಮತವನ್ನು ಸೇರಿದರು. ಶಾಲೆ ಅವರನ್ನು ಸೇರಿಸಿತೆಂದು ತಿಳಿಯಬಾರದು. ಭಕ್ತಿಗಿಂತ ಕಾಲದ ಒತ್ತಡವೇ ಅಲ್ಲಿ ಹೆಚ್ಚಾಗಿದ್ದಿತು. ೧೯೨೦ರಲ್ಲಿ ನಡೆದ ಒಪ್ಪಂದದಿಂದ ಹಂಗೇರಿಯು ತನ್ನ ನೆಲದ ಮೂರನೆಯ ಎರಡು ಪಾಲನ್ನು ಕಳೆದುಕೊಂಡಿತು. ಅದೇ ವರ್ಷ ಹೊಸ ಸರ್ಕಾರ ತಂದ ಕಾನೂನೊಂದು ವಿಶ್ವವಿದ್ಯಾನಿಲಯಗಳಲ್ಲಿ ಯೆಹೂದ್ಯ ವಿದ್ಯಾರ್ಥಿಗಳ ಸಂಖ್ಯೆಯನ್ನು ನೂರಕ್ಕೆ ಸುಮಾರು ಆರಕ್ಕೆ ಇಳಿಸಿತು. ರಬ್ಬಿಯನ್ನು ಒಳಗೆ ಕರೆದು ಪಾಠ ಹೇಳಿಸುತ್ತಿದ್ದ ಶಾಲೆಯಿಂದ ಹೊರಗೆ ಕಾಲಿಟ್ಟ ಹುಡುಗರಿಗೆ ಮುಂದಿನ ಬಾಗಿಲು ಅರ್ಧ ಮುಚ್ಚಿರುವುದು ಕಾಣಿಸಿತು.

ಆಗ ತಂದೆಗಳಿಗೆ ಚಿಂತೆ ಹತ್ತಿತು. ಈ ಭಾಗದ ಕಥೆ ನಡೆದುದು ಬುಡಾಪೆಸ್ಟಿನಲ್ಲಾದರೂ ಬೆಂಗಳೂರಿನ ಯಾವ ಮನೆಯಲ್ಲಿಯಾದರೂ ನಡೆಯಬಹುದಾದುದು. ೧೯೨೦ರಲ್ಲಿ ಶಾಲೆಯನ್ನು ಮುಗಿಸಿದ ವಿಗ್ನರನನ್ನು ತಂದೆ ಮುಂದೆ ಏನಾಗಬೇಕೆಂದಿರುವೆಯೆಂದು ಕೇಳಿದರು. ಸೈದ್ಧಾಂತಿಕ ಭೌತವಿಜ್ಞಾನಿ ಎಂದನು ಮಗ. ದೇಶದಲ್ಲಿ ಆ ಕೆಲಸದ ಹುದ್ದೆಗಳು ಎಷ್ಟಿವೆಯೆಂದು ತಂದೆಯ ಎರಡನೆಯ ಪ್ರಶ್ನೆ. ಇದ್ದುದು ಮೂರು, ಹುಡುಗ ಒಂದನ್ನು ಸೇರಿಸಿ ನಾಲ್ಕೆಂದನು. ಆ ನಾಲ್ಕರಲ್ಲೊಂದು ನಿನಗೆ ಸಿಕ್ಕೀತೆಂದು ನಂಬಿರುವೆಯಾ ಎಂಬುದು ಮೂರನೆಯ ಪ್ರಶ್ನೆ. ಮಾತುಕತೆಯ ಫಲವಾಗಿ ಅವನು ರಸಾಯನ ಎಂಜಿನಿಯರಿಂಗ್ ಓದಲು ಹೊರಟನು. ಚರ್ಮದ ಕಾರ್ಖಾನೆಗೆ ಅದು ಉಪಯೋಗದ ವಿದ್ಯೆ. ಮರುವರ್ಷ ನ್ಯೂಮನ್ನನ ಮನೆಯಲ್ಲಿಯೂ ಅದೇ ನಾಟಕದ ಎರಡನೆಯ ಪ್ರದರ್ಶನ ನಡೆಯಿತು. ಗಣಿತದಿಂದ ಹೊಟ್ಟೆ ತುಂಬದೆಂದು ಆ ಶ್ರೀಮಂತ ತಂದೆಗೂ ಭಯ! ಕೊನೆಗೆ ಮಗನು ಬರ್ಲಿನ್, ಜೂರಿಚ್‌ಗಳಲ್ಲಿ ರಸಾಯನಶಾಸ್ತ್ರವನ್ನು ಕಲಿಯುವುದೆಂದೂ ಅದರ ಜೊತೆಗೇ ಬುಡಾಪೆಸ್ಟಿನಲ್ಲಿ ಗಣಿತಕ್ಕೆ ಹೆಸರನ್ನು ನೋಂದಾಯಿಸುವುದೆಂದೂ ರಾಜಿಯಾಯಿತು. ೧೯೨೬ರಲ್ಲಿ ಅವನು ಗಣಿತದ ಡಾಕ್ಟರೇಟನ್ನು ಪಡೆದನು. ಇಬ್ಬರು ತಂದೆಗಳ ಲೆಕ್ಕವೂ ತಪ್ಪಿತೆಂದು ನಗುವುದು ಸುಲಭ. ಆದರೆ ನಾಲ್ಕು ಹುದ್ದೆಗಳ ದೇಶದಲ್ಲಿ, ಬಾಗಿಲುಗಳು ಮುಚ್ಚುತ್ತಿದ್ದ ಕಾಲದಲ್ಲಿ, ಮಗನ ಅನ್ನದ ದಾರಿಯನ್ನು ಕೇಳಿದ ತಂದೆಯನ್ನು ದೂರುವ ಎದೆ ಯಾವ ಗೃಹಸ್ಥನಿಗಿದೆ?

ರಾತ್ಸ್ ಅವರು ೧೯೨೫ರಲ್ಲಿ ನಿವೃತ್ತರಾಗಿ ೧೯೩೦ರಲ್ಲಿ ತೀರಿಕೊಂಡರು. ಅವರ ಪತ್ರಿಕೆ ೧೯೨೫ರಲ್ಲಿಯೇ ಮತ್ತೆ ಹೊರಡಲು ಆರಂಭವಾಗಿದ್ದಿತು. ಗುರುಗಳು ಹೋದರೂ ಶಾಲೆಯ ಪದ್ಧತಿ ಒಂದೇ ದಿನದಲ್ಲಿ ಹೋಗಲಿಲ್ಲ. ೧೯೩೭ರಲ್ಲಿ ಯಾನೋಶ್ ಹರ್ಶಾನಿ ಎಂಬ ವಿದ್ಯಾರ್ಥಿ ದೇಶದ ಪ್ರೌಢಶಾಲೆಗಳ ಗಣಿತ ಸ್ಪರ್ಧೆಯಲ್ಲಿ ಮೊದಲನೆಯ ಬಹುಮಾನವನ್ನು ಗೆದ್ದನು. ಅವನ ತಂದೆತಾಯಿಗಳದು ಔಷಧದ ಅಂಗಡಿ. ತತ್ತ್ವಶಾಸ್ತ್ರ, ಗಣಿತಗಳೆಂದರೆ ಹುಡುಗನಿಗೆ ಪ್ರಾಣ; ಓದಿದುದು ಔಷಧಶಾಸ್ತ್ರ. ಇಲ್ಲಿ ತಂದೆತಾಯಿಗಳ ಇಷ್ಟದ ಜೊತೆಗೆ ಇನ್ನೊಂದು ಲೆಕ್ಕವೂ ಇದ್ದಿತು. ಔಷಧಶಾಸ್ತ್ರದ ವಿದ್ಯಾರ್ಥಿಯಾದರೆ ಸೈನ್ಯದ ಬಲಾತ್ಕಾರದ ದುಡಿಮೆಯನ್ನು ಕೆಲಕಾಲ ತಪ್ಪಿಸಿಕೊಳ್ಳಬಹುದಾಗಿದ್ದಿತು. ಯೆಹೂದ್ಯ ವಂಶದವನಾದ ಅವನಿಗೆ ಅದು ಪ್ರಾಣದ ಪ್ರಶ್ನೆ. ೧೯೪೪ರಲ್ಲಿ ಜರ್ಮನ್ ಸೈನ್ಯ ಹಂಗೇರಿಗೆ ಬಂದ ಮೇಲೆ ಆ ರಕ್ಷಣೆಯೂ ಹೋಯಿತು. ಅವನನ್ನು ದುಡಿಮೆಯ ದಳಕ್ಕೆ ಸೇರಿಸಿದರು. ನವೆಂಬರಿನಲ್ಲಿ ಆ ದಳವನ್ನು ಆಸ್ಟ್ರಿಯದ ಸೆರೆಶಿಬಿರಕ್ಕೆ ಸಾಗಿಸಲು ನಿರ್ಧರಿಸಿದಾಗ ಅವನು ಬುಡಾಪೆಸ್ಟಿನ ರೈಲು ನಿಲ್ದಾಣದಿಂದ ತಪ್ಪಿಸಿಕೊಂಡನು. ಜೆಸುಯಿಟ್ ಪಾದ್ರಿಯೊಬ್ಬರು ಅವನನ್ನು ತಮ್ಮ ಮಠದ ನೆಲಮಾಳಿಗೆಯಲ್ಲಿ ಅಡಗಿಸಿ ಕಾಪಾಡಿದರು. ಜೊತೆಗಾರರಲ್ಲಿ ಹೆಚ್ಚಿನವರು ಹಿಂದಿರುಗಲಿಲ್ಲ. ೧೯೫೦ರಲ್ಲಿ ಅವನು ಜವುಗು ನೆಲದ ಗಡಿಯನ್ನು ಕಳ್ಳತನದಿಂದ ದಾಟಿ ಆಸ್ಟ್ರೇಲಿಯಾಕ್ಕೆ ಹೋದನು. ಅಲ್ಲಿಂದ ಅಮೆರಿಕೆಗೆ ಹೋಗಿ, ನ್ಯೂಮನ್ ಆರಂಭಿಸಿದ್ದ ಆಟಗಳ ಗಣಿತವನ್ನು ಮುಂದುವರಿಸಿ, ೧೯೯೪ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರು ಅವರೇ.

ಶಾಲೆಗೆ ಮಾತ್ರ ಓಡಿಹೋಗುವ ದಾರಿ ಇರಲಿಲ್ಲ. ಯುದ್ಧದ ತರುವಾಯ ಬಂದ ಸರ್ಕಾರ ಮತಸಂಸ್ಥೆಗಳ ಶಾಲೆಗಳನ್ನೆಲ್ಲ ೧೯೪೮ರಲ್ಲಿ ತೆಗೆದುಕೊಂಡಾಗ ಉಳಿದ ಕೆಲವೇ ಶಾಲೆಗಳಲ್ಲಿ ಇದೂ ಒಂದಾಗಿದ್ದಿತು. ೧೯೫೨ರಲ್ಲಿ ಇದರ ಸರದಿಯೂ ಬಂದಿತು. ಕಟ್ಟಡ ಉಳಿಯಿತು, ಬೀದಿಯ ಮರಗಳು ಉಳಿದವು; ಶಾಲೆ ಇಲ್ಲವಾಯಿತು. ಮೂವತ್ತೇಳು ವರ್ಷ ಅಲ್ಲಿ ಲೂಥರನ್ ಶಾಲೆಯ ಗಂಟೆ ಬಾರಿಸಲಿಲ್ಲ.

ಅಷ್ಟರಲ್ಲಿ ವಿಗ್ನರ್ ಅವರು ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕರಾಗಿದ್ದರು. ಅವರ ತಂಗಿ ಮಾರ್ಗಿಟ್, ಭೌತವಿಜ್ಞಾನಿ ಡಿರಾಕ್ ಅವರ ಕೈಹಿಡಿದಿದ್ದಳು. ನ್ಯೂಮನ್ ಅವರು ಐವತ್ತಮೂರನೆಯ ವಯಸ್ಸಿನಲ್ಲಿ, ೧೯೫೭ರಲ್ಲಿ, ಅರ್ಬುದ ರೋಗದಿಂದ ತೀರಿಕೊಂಡರು. ೧೯೬೦ರಲ್ಲಿ ವಿಗ್ನರ್ ಅವರು ನಿಸರ್ಗವಿಜ್ಞಾನದಲ್ಲಿ ಗಣಿತವು ಏಕೆ ಇಷ್ಟು ಚೆನ್ನಾಗಿ ಒದಗಿಬರುತ್ತದೆಯೆಂಬ ಒಂದು ಪ್ರಬಂಧವನ್ನು ಬರೆದರು. ಇಂದಿಗೂ ಅದನ್ನು ಓದುವವರಿದ್ದಾರೆ. ಆ ಪ್ರಬಂಧದ ಆರಂಭದಲ್ಲಿರುವುದು ಯಾವ ಸೂತ್ರವೂ ಅಲ್ಲ. ಪ್ರೌಢಶಾಲೆಯಲ್ಲಿ ಸಹಪಾಠಿಗಳಾಗಿದ್ದ ಇಬ್ಬರು ಗೆಳೆಯರು ಬಹಳ ದಿನಗಳ ಮೇಲೆ ಸಂಧಿಸಿ ತಮ್ಮ ತಮ್ಮ ಕೆಲಸದ ಬಗ್ಗೆ ಮಾತನಾಡಿದ ಒಂದು ಚಿಕ್ಕ ಕಥೆ. ೧೯೬೩ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ರಾತ್ರಿಯ ಔತಣದಲ್ಲಿ ಅವರು ಮಾತನಾಡಿದುದು ತಮ್ಮ ಸಂಶೋಧನೆಯ ವಿಷಯವನ್ನಲ್ಲ, ಗುರುಗಳ ಋಣದ ವಿಷಯವನ್ನು. ಪ್ರಿನ್ಸ್‌ಟನ್ನಿನ ಅವರ ಕೊಠಡಿಗೆ ಹೋದ ಹಂಗೇರಿಯವರೊಬ್ಬರು, ರಾತ್ಸ್ ಅವರ ನೆನಪಿದೆಯೇ ಎಂದು ಕೇಳಿದಾಗ ಅವರು ಗೋಡೆಯ ಕಡೆಗೆ ಬೆರಳು ತೋರಿಸಿದರು. ಗುರುಗಳ ಭಾವಚಿತ್ರ ಅಲ್ಲಿ ತೂಗುತ್ತಿದ್ದಿತು.

೧೯೮೯ರಲ್ಲಿ ಆಳ್ವಿಕೆ ಬದಲಾಗುತ್ತಿದ್ದಾಗ ಶಾಲೆ ತನ್ನ ಹಳೆಯ ಕಟ್ಟಡದಲ್ಲಿಯೇ ಮತ್ತೆ ತೆರೆಯಿತು, ಈಗಲೂ ನಡೆಯುತ್ತಿದೆ. ವಿಗ್ನರ್ ಅವರು ಅದನ್ನು ಕೇಳಲು ಬದುಕಿದ್ದರು. ಅವರು ತೀರಿಕೊಂಡದ್ದು ೧೯೯೫ರ ಹೊಸ ವರ್ಷದ ದಿನ. ಗಣಿತ ವಿಜ್ಞಾನಗಳನ್ನು ಜೀವಮಾನವೆಲ್ಲ ಕಲಿಸಿದ ಶಾಲೆಯ ಉಪಾಧ್ಯಾಯರಿಗೆ ೨೦೦೧ರಿಂದ ಹಂಗೇರಿಯಲ್ಲಿ ಒಂದು ಪ್ರಶಸ್ತಿಯನ್ನು ಕೊಡುತ್ತಿದ್ದಾರೆ. ಅದರ ಹೆಸರಿನಲ್ಲಿ ಲಾಸ್ಲೋ ಎಂಬ ಅಂಕಿತನಾಮವಾಗಲಿ ಮುಖ್ಯೋಪಾಧ್ಯಾಯ, ಸಂಪಾದಕ ಎಂಬ ಬಿರುದುಗಳಾಗಲಿ ಇಲ್ಲ. 'ರಾತ್ಸ್ ತನಾರ್ ಊರ್' ಎಂದಷ್ಟೇ ಇದೆ. ತರಗತಿಯಲ್ಲಿ ಹುಡುಗರು ಎದ್ದುನಿಂತು ಕರೆಯುತ್ತಿದ್ದ ಮಾತು ಅದು. ಕನ್ನಡದಲ್ಲಿ ಹೇಳುವುದಾದರೆ 'ರಾತ್ಸ್ ಮೇಷ್ಟ್ರು'.